ಮದುವೆ ಫೋಟೋ ತೆಗೆಯೋ ನಾನು ಮ್ಯಾಗಜೀನ್ ಆರ್ಟ್ ಡೈರೆಕ್ಟರ್ ಆಗಬಹುದಾ?

ಓದುಗರ ಪ್ರಶ್ನೆ: ಸರ್, ನಂದು ದಾವಣಗೆರೆ, ವಯಸ್ಸು 29. ಪಿ.ಜೆ. ಬಡಾವಣೆಲಿ ಅಪ್ಪನ ಕಾಲದ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಪ್ರೀ ವೆಡ್ಡಿಂಗ್ ಎಲ್ಲಾ ನಾನೇ ತೆಗೀತೀನಿ, ಆಲ್ಬಮ್ ಡಿಸೈನೂ ರಾತ್ರಿ ಕೂತು ನಾನೇ ಮಾಡ್ತೀನಿ. ನ್ಯೂಯಾರ್ಕಿನ ಒಂದು ಮನೆ ಮೆಟ್ಟಿಲ ಮೇಲೆ ಜಾಝ್ ಸಂಗೀತಗಾರರೆಲ್ಲ ಸೇರಿ ನಿಂತಿರೋ 1958ರ ಫೋಟೋ ನೋಡಿದಾಗಿಂದ ನಿದ್ದೆ ಇಲ್ಲ. ಅದನ್ನ ತೆಗೆದ ಆರ್ಟ್ ಕೇನ್ ಮ್ಯಾಗಜೀನ್ ಆರ್ಟ್ ಡೈರೆಕ್ಟರೂ, ಅಂದ್ರೆ ಯಾವ ಫೋಟೋ ಹಾಕಬೇಕು, ಪುಟ ಹೆಂಗೆ ಕಾಣಬೇಕು ಅಂತ ತೀರ್ಮಾನ ಮಾಡೋರೂ ಆಗಿದ್ರಂತೆ, ನನಗೂ ಹಂಗೇ ಆಗ್ಬೇಕು ಅನ್ಸುತ್ತೆ. ಫ್ರೆಂಡ್ಸ್ ಹೇಳೋದು ಎರಡು ದೋಣಿ ಮೇಲೆ ಕಾಲಿಡಬೇಡ, ಅದಕ್ಕೆ ದೊಡ್ಡ ಕಾಲೇಜಲ್ಲಿ ಓದಿರಬೇಕು, ಅಲ್ಲದೆ ಈಗ ಮ್ಯಾಗಜೀನ್ ಓದೋರು ಯಾರು ಅಂತ. ಸ್ಟುಡಿಯೋ ಬಿಟ್ಟು ಬೆಂಗಳೂರಿಗೆ ಹೋಗ್ತೀನಿ ಅಂದ್ರೆ ಅಪ್ಪ ಮಾತು ಬಿಡ್ತಾರೆ. ಏನು ಮಾಡ್ಲಿ ಸರ್?

ಉತ್ತರ: ನೀವು ನಾಲ್ಕೈದು ಪ್ರಶ್ನೆ ಕೇಳಿದಂಗೆ ಕಂಡ್ರೂ ಒಳಗಿರೋ ಭಯ ಒಂದೇ ಅನ್ಸುತ್ತೆ ನನಗೆ, ಇಷ್ಟು ವರ್ಷ ಮಂಟಪದ ಮುಂದೆ ನಿಂತು ಮಾಡಿದ ಕೆಲಸ ಅಲ್ಲಿಗೆ ಉಪಯೋಗಕ್ಕೆ ಬರುತ್ತಾ ಇಲ್ಲಾ ಎಲ್ಲಾ ಸೊನ್ನೆಯಿಂದ ಶುರು ಮಾಡ್ಬೇಕಾ ಅಂತ. ನಾನೂ ನಿಮ್ಮ ಜಿಲ್ಲೆಯವನೇ, ಕನ್ನಡ ವಾರಪತ್ರಿಕೆ ಡೆಸ್ಕಲ್ಲಿ ಕೂತು ಪುಟ ಕಟ್ಟಿ, ಫೋಟೋ ಆರಿಸಿ, ಕವರ್ ಮಾಡಿ ತಲೆ ಬೆಳ್ಳಗಾದೋನು, ಹಂಗಾಗಿ ನೇರವಾಗಿ ಹೇಳ್ತೀನಿ. ಸೊನ್ನೆಯಿಂದ ಅಲ್ಲ. ಆಲ್ಬಮ್ ಮಾಡೋ ಹುಡುಗ ಅರ್ಧ ದಾರಿ ಬಂದಿರ್ತಾನೆ. ಉಳಿದ ಅರ್ಧಕ್ಕೆ ಬೇಕಾಗಿರೋದು ಫೋಟೋ ತೆಗೆಯೋ ಕೈ ಅಲ್ಲ, ತೆಗೆದ ಫೋಟೋನ ಪುಟಕ್ಕೆ ಹಾಕದೆ ಬಿಡೋ ಧೈರ್ಯ.

ನಿಮ್ಮ ಹೀರೋನಿಂದಲೇ ಶುರು ಮಾಡೋಣ, ಯಾಕಂದ್ರೆ ಅವರ ಕಥೆ ನೀವು ತಿಳ್ಕೊಂಡಿರೋದಕ್ಕೆ ಉಲ್ಟಾ ಇದೆ. ಆರ್ಟ್ ಕೇನ್ ಹುಟ್ಟಿದ್ದು 1925ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಹೋದಾಗ ಸಿಕ್ಕಿದ್ದು ಗಾಳಿ ತುಂಬಿದ ರಬ್ಬರ್ ಟ್ಯಾಂಕ್ ನಿಲ್ಲಿಸಿ ಶತ್ರುವಿನ ಕಣ್ಣು ಕಟ್ಟೋ ಒಂದು ವಿಶೇಷ ಪಡೆ, ಅದರಲ್ಲಿ ಕಲಾವಿದರೇ ತುಂಬಿದ್ರು. ವಾಪಸ್ ಬಂದು ಕೂಪರ್ ಯೂನಿಯನ್ ಅನ್ನೋ ಕಾಲೇಜಲ್ಲಿ ಓದಿ, ಎಸ್ಕ್ವೈರ್ ಪತ್ರಿಕೆಲಿ ಪೇಜ್ ಲೇಔಟ್ ಮಾಡಿ, ಆಮೇಲೆ ಇನ್ನೂ ಇಪ್ಪತ್ತೇಳರ ವಯಸ್ಸಲ್ಲಿ ಸೆವೆಂಟೀನ್ ಅನ್ನೋ ಪತ್ರಿಕೆಗೆ ಆರ್ಟ್ ಡೈರೆಕ್ಟರ್ ಆದ್ರು. ಅಂದ್ರೆ ಅವರು ಕ್ಯಾಮೆರಾದಿಂದ ಪುಟಕ್ಕೆ ಬಂದೋರಲ್ಲ, ಪುಟದಿಂದ ಕ್ಯಾಮೆರಾಕ್ಕೆ ಹೋದೋರು. ವರ್ಷಗಟ್ಟಲೆ ಬೇರೆಯವರ ಫೋಟೋ ಮೇಜಿನ ಮೇಲೆ ಹರಡಿಕೊಂಡು ಇದು ಬೇಕು, ಇದು ಬೇಡ ಅಂತ ವಿಂಗಡಿಸಿ ಕಣ್ಣು ಪಳಗಿತ್ತು.

ಎಸ್ಕ್ವೈರ್ ಜಾಝ್ ಬಗ್ಗೆ ವಿಶೇಷ ಪುಟಗಳನ್ನ ಮಾಡ್ತಿದೆ ಅಂತ ಗೊತ್ತಾದಾಗ ಅವರಿಗೆ 33 ವರ್ಷ, ಫೋಟೋಗ್ರಾಫರ್ ಅಂತ ಹೆಸರೇ ಇರಲಿಲ್ಲ, ಸ್ವಂತ ಸ್ಟುಡಿಯೋನೂ ಇಲ್ಲ. ಸಿಕ್ಕಷ್ಟು ಸಂಗೀತಗಾರರನ್ನ ಒಂದೇ ಕಡೆ ಸೇರಿಸಿ ಬೀದಿಲೇ ಫೋಟೋ ತೆಗೀತೀನಿ ಅಂದ್ರು. 1958ರ ಆಗಸ್ಟ್ 12, ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ 126ನೇ ಬೀದಿ, ಬೆಳಗ್ಗೆ ಹತ್ತು ಗಂಟೆ. ರಾತ್ರಿಯೆಲ್ಲ ನುಡಿಸಿ ಹಗಲು ಮಲಗೋ ಜನಕ್ಕೆ ಬೆಳಗ್ಗೆ ಹತ್ತಕ್ಕೆ ಬನ್ನಿ ಅಂದ್ರೆ ಯಾರು ಬರ್ತಾರೆ? ಆದ್ರೂ 57 ಜನ ಆ ಫ್ರೇಮಲ್ಲಿದ್ದಾರೆ.

ಈಗ ನೀವು ಆ ಫೋಟೋನ ಇನ್ನೊಂದ್ಸಲ ತೆಗೆದು ದೊಡ್ಡದು ಮಾಡಿ ನೋಡಿ, ಅದರಲ್ಲಿ ಒಬ್ಬರೂ ನಮ್ಮ ಆರತಕ್ಷತೆ ಗ್ರೂಪ್ ಫೋಟೋ ತರ ಅಟೆನ್ಷನ್‌ನಲ್ಲಿ ನಿಂತಿಲ್ಲ. ಬಲಗಡೆ ತುದೀಲಿ ಡಿಝಿ ಗಿಲೆಸ್ಪಿ ನಾಲಗೆ ಚಾಚಿದ್ದಾರೆ, ಅದಕ್ಕೆ ರಾಯ್ ಎಲ್‌ಡ್ರಿಜ್ ಮುಖ ತಿರುಗಿಸಿ ಅವರ ಕಡೆ ನೋಡ್ತಿದ್ದಾರೆ. ಕೌಂಟ್ ಬೇಸಿ ನಿಂತು ಸಾಕಾಗಿ ರಸ್ತೆ ಅಂಚಲ್ಲಿ ಕೂತುಬಿಟ್ಟಿದ್ದಾರೆ, ಅವರ ಪಕ್ಕ ಆ ಬೀದಿ ಹುಡುಗರು ಸಾಲಾಗಿ ಕೂತಿದ್ದಾರೆ. ನಮ್ಮಲ್ಲಾದ್ರೆ ಏ ಹುಡುಗ್ರಾ ಸೈಡಿಗೆ ಹೋಗ್ರಲೇ ಅಂತ ಓಡಿಸ್ತಿದ್ವಿ. ಆ ಹುಡುಗರಿಲ್ಲದೆ ಅದು ಬರೀ ಸಂಘದ ವಾರ್ಷಿಕೋತ್ಸವದ ಫೋಟೋ ಆಗ್ತಿತ್ತು. ಇನ್ನೊಂದು ವಿಷಯ, ವಿಲ್ಲಿ ಸ್ಮಿತ್ ಅನ್ನೋ ಹಿರಿಯ ಪಿಯಾನೋ ವಾದಕರೂ ಅವತ್ತು ಬಂದಿದ್ರು. ಆದ್ರೆ ಸುಸ್ತಾಗಿ ಪಕ್ಕದ ಮನೆ ಮೆಟ್ಟಿಲ ಮೇಲೆ ಕೂತಿದ್ದ ಹೊತ್ತಿನ ಫ್ರೇಮೇ ಅಚ್ಚಿಗೆ ಹೋಯ್ತು, ಹಂಗಾಗಿ ಅದರಲ್ಲಿ ಅವರಿಲ್ಲ. ಬೇರೆ ಫ್ರೇಮಲ್ಲಿ ಇದ್ದಾರೆ. ಇಡೀ ಗುಂಪು ಜೀವಂತವಾಗಿ ಕಾಣೋ ಫ್ರೇಮ್ ಬೇಕು ಅಂದ್ರೆ ಒಬ್ಬ ದೊಡ್ಡ ಹೆಸರು ಬಿಟ್ಟುಹೋಗುತ್ತೆ. 1959ರ ಜನವರಿ ಸಂಚಿಕೇಲಿ ಆ ಫೋಟೋ ಬಂದ್ಮೇಲೆ ಕೇನ್ ಪೂರ್ತಿ ಕ್ಯಾಮೆರಾ ಕಡೆ ಹೊರಳಿದ್ರು, 1995ರಲ್ಲಿ ತೀರಿಕೊಳ್ಳೋವರೆಗೂ ಅವರ ಹೆಸರು ಮೊದಲು ಹೇಳೋದು ಆ ಬೀದಿ ಫೋಟೋ ಜೊತೆಗೇ.

ಮದುವೇಲಿ ನಿಮಗೆ ಹಿಂಗೆ ಬಿಡೋ ಅಭ್ಯಾಸ ಆಗಿರಲ್ಲ, ಅದು ನಿಮ್ಮ ತಪ್ಪಲ್ಲ, ಆ ಕೆಲಸ ಇರೋದೇ ಹಂಗೆ. ಎರಡು ಸಾವಿರ ಫೋಟೋ ತೆಗೆದು ಪಾರ್ಟಿಗೆ ಕೊಡ್ತೀರಿ, ಅವರು ಇನ್ನೂರು ಮುನ್ನೂರು ಸೆಲೆಕ್ಟ್ ಮಾಡಿ ಕಳಿಸ್ತಾರೆ, ಸೋದರಮಾವನ ಫೋಟೋ ಬಿಟ್ರೆ ಜಗಳ, ಬೀಗರ ಫೋಟೋ ಸಣ್ಣದಾದ್ರೆ ಜಗಳ. ಎಲ್ಲರನ್ನೂ ತುಂಬಬೇಕು. ಪತ್ರಿಕೆ ಪುಟದಲ್ಲಿ ಬಿಡೋದೇ ಕೆಲಸ. ನಲವತ್ತು ಒಳ್ಳೆ ಫೋಟೋ ಬಂದಿರುತ್ತೆ, ಜಾಗ ಇರೋದು ಐದಕ್ಕೆ, ಅದರಲ್ಲಿ ಒಂದು ಎರಡೂ ಪುಟ ತುಂಬ ಬರಬೇಕು, ಮೂವತ್ತೈದು ಹೋಗಬೇಕು, ಅದನ್ನ ತೆಗೆದೋನ ಮುಖ ನೋಡ್ಕೊಂಡೇ ಹೋಗಬೇಕು. ಅದು ನೀವೇ ತೆಗೆದ ಫೋಟೋ ಆದ್ರಂತೂ ಇನ್ನೂ ಸಂಕಟ.

ಎರಡು ದೋಣಿ ಮಾತಿಗೆ ಬರ್ತೀನಿ. ಫ್ರೆಂಡ್ಸ್ ಕಾಳಜಿಯಿಂದ್ಲೇ ಹೇಳಿದಾರೆ, ಆದ್ರೆ ಈ ಕಸುಬಿನ ಚರಿತ್ರೆ ಬೇರೆನೇ ಹೇಳುತ್ತೆ. ಕೇನ್ ಯಾರ ಹತ್ರ ಫೋಟೋಗ್ರಫಿ ಕಲಿತ್ರೋ ಆ ಅಲೆಕ್ಸಿ ಬ್ರೊಡೊವಿಚ್, 1934ರಿಂದ 1958ರವರೆಗೆ ಹಾರ್ಪರ್ಸ್ ಬಜಾರ್ ಅನ್ನೋ ಫ್ಯಾಷನ್ ಪತ್ರಿಕೆಗೆ ಆರ್ಟ್ ಡೈರೆಕ್ಟರ್ ಆಗಿದ್ದೋರು, ತಾವೇ ಒಳ್ಳೆ ಫೋಟೋಗ್ರಾಫರ್. 1930ರ ದಶಕದಲ್ಲಿ ಬ್ಯಾಲೆ ನೃತ್ಯದ ಕಂಪನಿಗಳು ನ್ಯೂಯಾರ್ಕಿಗೆ ಬಂದಾಗ ರಂಗದ ಪಕ್ಕ ನಿಂತು ಚಿಕ್ಕ 35 ಎಂಎಂ ಕ್ಯಾಮೆರಾದಲ್ಲಿ, ಫ್ಲ್ಯಾಶ್ ಇಲ್ಲದೆ, ರಂಗದ ದೀಪದಲ್ಲೇ ತೆಗೆದ್ರು. ಕೈಕಾಲು ಎಲ್ಲಾ ಅಲುಗಿ ಮಸುಕಾಗಿವೆ, ಗ್ರೇನ್ ಎದ್ದು ಕಾಳು ಕಾಳಾಗಿ ಕಾಣುತ್ತೆ, ಆಗಿನ ಲೆಕ್ಕದಲ್ಲಿ ಅವೆಲ್ಲ ರಿಜೆಕ್ಟ್ ಫೋಟೋಗಳೇ. ಅವನ್ನೇ ಪುಟದ ಅಂಚಿನವರೆಗೂ ಹಾಯಿಸಿ 1945ರಲ್ಲಿ ಪುಸ್ತಕ ಮಾಡಿದ್ರು, ಅಚ್ಚಾಗಿದ್ದು ಸುಮಾರು 500 ಪ್ರತಿ. ಇವತ್ತು ಫೋಟೋ ಪುಸ್ತಕದ ಚರಿತ್ರೆ ಬರೆಯೋರು ಯಾರೂ ಅದನ್ನ ಬಿಟ್ಟು ಬರೆಯಲ್ಲ. ಫುಲ್ ಫ್ರೇಮ್ ಬಾಡಿ ಇಲ್ಲ, ಒಳ್ಳೆ ಲೆನ್ಸ್ ಇಲ್ಲ ಅಂತ ಕೊರಗೋ ಹುಡುಗರಿಗೆ ನಾನು ಮೊದಲು ಹೇಳೋ ಹೆಸರು ಬ್ರೊಡೊವಿಚ್ ಅವರದ್ದೇ.

ವೋಗ್ ಅನ್ನೋ ಫ್ಯಾಷನ್ ಪತ್ರಿಕೆಗೆ 1943ರಲ್ಲಿ ಆರ್ಟ್ ಡೈರೆಕ್ಟರ್ ಆದ ಅಲೆಕ್ಸಾಂಡರ್ ಲಿಬರ್‌ಮನ್ ಕೂಡ ಹಿಂಗೇ, ಹಗಲು ಪತ್ರಿಕೆ, ಬಿಡುವಲ್ಲಿ ಯುರೋಪಿನ ಚಿತ್ರಕಾರರ ಸ್ಟುಡಿಯೋಗಳಿಗೆ ಹೋಗಿ ಅವರ ಫೋಟೋ. ನಮ್ಮ ದೇಶದ್ದೇ ಬೇಕು ಅಂದ್ರೆ ರಘು ರಾಯ್ ಇದ್ದಾರೆ, ಓದಿದ್ದು ಸಿವಿಲ್ ಎಂಜಿನಿಯರಿಂಗ್, 1980ರ ದಶಕದಲ್ಲಿ ಇಂಡಿಯಾ ಟುಡೇನಲ್ಲಿ ಫೋಟೋ ತೆಗೆಯೋದರ ಜೊತೆಗೆ ಚಿತ್ರ ಸಂಪಾದಕರಾಗಿ ಪುಟ ಹೆಂಗೆ ಕಾಣಬೇಕು ಅನ್ನೋದನ್ನೂ ನೋಡ್ಕೊಂಡ್ರು. ಹಂಗಾಗಿ ಎರಡೂ ಒಂದೇ ಕಣ್ಣಿನ ಕೆಲಸ. ಕಷ್ಟ ಇರೋದು ಕಣ್ಣಲ್ಲಿ ಅಲ್ಲ, ಟೈಮಲ್ಲಿ. ನವೆಂಬರಿಂದ ಮೇ ತನಕ ಲಗ್ನದ ಸೀಸನ್, ಒಂದೇ ದಿನ ಎರಡು ಆರ್ಡರ್, ಆಗ ಪುಟ ಅಂತ ಕೂತ್ಕೊಳ್ಳೋಕೆ ಆಗಲ್ಲ. ಆಷಾಢ ನಿಮ್ಮ ಕಾಲ.

ಕಾಲೇಜಿನ ವಿಷಯ. ಓದು ಬೇಡ ಅನ್ನಲ್ಲ ನಾನು, ಕೇನ್ ಒಳ್ಳೆ ಕಾಲೇಜಲ್ಲೇ ಓದಿದೋರು. ಆದ್ರೆ ಅವರನ್ನ ಫೋಟೋಗ್ರಾಫರ್ ಮಾಡಿದ್ದು ಕೆಲಸದ ಜೊತೆಗೆ ಹೋಗ್ತಿದ್ದ ಬ್ರೊಡೊವಿಚ್ ಕ್ಲಾಸು. ಆ ಕ್ಲಾಸಲ್ಲಿ ಲೈಟಿಂಗ್ ಪಾಠ, ಲೆನ್ಸ್ ಪಾಠ ಏನೂ ಇರ್ತಿರಲಿಲ್ಲ. ಎಲ್ಲರೂ ಫೋಟೋ ತಂದು ಮೇಜಿನ ಮೇಲೆ ಇಡ್ತಿದ್ರು, ಎಲ್ಲರ ಮುಂದೇನೇ ಚರ್ಚೆ, ನನಗೆ ಆಶ್ಚರ್ಯ ಆಗೋ ಹಂಗೆ ಏನಾದ್ರೂ ತನ್ನಿ ಅನ್ನೋದೇ ಅವರ ಮಾತು. ರಿಚರ್ಡ್ ಅವೆಡಾನ್, ಇರ್ವಿಂಗ್ ಪೆನ್ ತರದ ಹೆಸರಾಂತ ಫೋಟೋಗ್ರಾಫರ್‌ಗಳು ಅವರ ಕೈಲೇ ಪಳಗಿದ್ದು. ನಿಮಗೆ ಬೇಕಿರೋದು ಅಂಥ ಮೇಜು. ದಾವಣಗೆರೇಲೇ ವಿಶ್ವವಿದ್ಯಾಲಯದ ದೃಶ್ಯಕಲಾ ಕಾಲೇಜಿದೆ, ಎಷ್ಟೋ ಒಳ್ಳೆ ಕಲಾವಿದರು ಅಲ್ಲಿಂದ ಬಂದಿದಾರೆ, ಅನ್ವಯಿಕ ಕಲೆ ವಿಭಾಗವೂ ಇದೆ. 29ಕ್ಕೆ ನಾಲ್ಕು ವರ್ಷದ ಡಿಗ್ರಿ ಕಷ್ಟ ಅಂದ್ರೆ ಬೇಡ, ಆದ್ರೆ ಅಲ್ಲಿನ ಮೇಷ್ಟ್ರುಗಳ, ಹುಡುಗರ ಪರಿಚಯ ಮಾಡ್ಕೊಳ್ಳಿ, ವಾರ್ಷಿಕ ಪ್ರದರ್ಶನಕ್ಕೆ ಹೋಗಿ, ನಿಮ್ಮ ಪುಟ ತಗೊಂಡ್ಹೋಗಿ ತೋರಿಸಿ. ಮುಖ ಮುರಿಯೋ ಹಂಗೆ ಹೇಳೋರು ನಾಲ್ಕು ಜನ ಸಿಕ್ರೆ ನಿಮ್ಮ ಪುಣ್ಯ.

ಮ್ಯಾಗಜೀನ್ ಓದೋರು ಯಾರು ಅನ್ನೋದು ಪೂರ್ತಿ ಸುಳ್ಳಲ್ಲ. ಕಸ್ತೂರಿ 1956ರಲ್ಲಿ, ಸುಧಾ 1965ರಲ್ಲಿ, ಮಯೂರ 1968ರಲ್ಲಿ, ತರಂಗ 1983ರಲ್ಲಿ ಶುರುವಾದಾಗ ಬಸ್ ಸ್ಟ್ಯಾಂಡಿನ ಅಂಗಡೀಲಿ ಪತ್ರಿಕೆಗೆ ಕಾಯ್ತಿದ್ದ ಕಾಲ, ಈಗ ಅದಿಲ್ಲ. ಪತ್ರಿಕೆಯಲ್ಲಿ ಆರ್ಟ್ ಡೈರೆಕ್ಟರ್ ಅನ್ನೋ ಹುದ್ದೆಯ ಹೆಸರನ್ನ ಕನ್ನಡದಲ್ಲಿ ಹುಡುಕಿದ್ರೆ ಬೆರಳೆಣಿಕೆ ಸಿಗಬಹುದು, ಬಹಳ ಕಡೆ ಕಲಾವಿದ, ಪುಟ ವಿನ್ಯಾಸಕ ಅಂತ್ಲೇ ಇರುತ್ತೆ. ಆದ್ರೆ ಪುಟ ಸತ್ತಿಲ್ಲ. ನಮ್ಮ ಕಡೆ ಎಷ್ಟು ಸ್ಮರಣ ಸಂಚಿಕೆ ಬರ್ತಾವೆ ಯೋಚನೆ ಮಾಡಿ, ಮಠದ ಉತ್ಸವ, ಸಹಕಾರಿ ಬ್ಯಾಂಕಿನ ಸುವರ್ಣ ಮಹೋತ್ಸವ, ಶಾಲೆಯ ಅಮೃತ ಮಹೋತ್ಸವ, ಸಾಹಿತ್ಯ ಸಮ್ಮೇಳನ, ಯಾರದೋ ಅಭಿನಂದನ ಗ್ರಂಥ. ದಾವಣಗೆರೆ ಚಿತ್ರದುರ್ಗ ಎರಡರಲ್ಲೂ ವರ್ಷ ಪೂರ್ತಿ ಈ ಕೆಲಸ ಇದೆ. ಬಹುಪಾಲು ನೋಡೋಕಾಗದ ಹಂಗೆ ಇರ್ತಾವೆ, ಒಂದು ಪುಟಕ್ಕೆ ಹನ್ನೆರಡು ಪಾಸ್‌ಪೋರ್ಟ್ ಫೋಟೋ, ಹಿಂದೆ ಕೋಟೆಯ ತೆಳು ಚಿತ್ರ, ಅದರ ಮೇಲೆ ಅಕ್ಷರ. ಇದನ್ನ ಸರಿಯಾಗಿ ಮಾಡೋ ಒಬ್ಬ ಮನುಷ್ಯ ಜಿಲ್ಲೆಗೆ ಬೇಕು. ಫೋಟೋನೂ ನಾನೇ ತೆಗೀತೀನಿ, ಪುಟಾನೂ ನಾನೇ ಕಟ್ಟಿ ಕೊಡ್ತೀನಿ ಅಂತ ಹೇಳೋ ಸ್ಥಿತೀಲಿ ನೀವು ಈಗಾಗ್ಲೇ ಇದ್ದೀರಿ.

ಆದ್ರೆ ಆಲ್ಬಮ್ ಕೈ ಪುಟಕ್ಕೆ ಹಂಗಂಗೇ ಬರಲ್ಲ, ಒಂದಷ್ಟು ಬದಲಾಗಬೇಕು. ಕರಿಜ್ಮಾ ಮದುವೆ ಆಲ್ಬಮ್ಮಿನ 12×36 ಇಂಚಿನ ಶೀಟು ಪೂರ್ತಿ ಬಿಚ್ಚಿಕೊಳ್ಳುತ್ತೆ, ನಡುವೆ ಮುಖ ಬಂದ್ರೂ ನಡೆಯುತ್ತೆ. ಪುಸ್ತಕದಲ್ಲಿ ನಡುವಿನ ಮಡಿಕೆ ಒಳಗೆ ಮೂಗು ಹೋಗಿಬಿಡುತ್ತೆ. ಸೆಂಟರ್ ಪಿನ್ ಹೊಡೆಯೋ ಸಂಚಿಕೆ ಆದ್ರೆ ಪುಟ ನಾಲ್ಕರ ಲೆಕ್ಕದಲ್ಲೇ ಇರಬೇಕು, 16, 20, 24 ಹಿಂಗೆ, ಕೊನೇಲಿ ಅಧ್ಯಕ್ಷರು ಒಂದು ಪುಟ ಸೇರಿಸಿ ಅಂದ್ರೆ ಸೇರಲ್ಲ. ಲ್ಯಾಬಿನ ಹೊಳೆಯೋ ಶೀಟಲ್ಲಿ ಚೆನ್ನಾಗಿ ಕಂಡ ಕಪ್ಪು, ಹೊಳಪಿಲ್ಲದ ಮ್ಯಾಪ್‌ಲಿಥೋ ಪೇಪರಲ್ಲಿ ಇಂಕು ಹರಡಿ ಮುಚ್ಚಿಕೊಳ್ಳುತ್ತೆ, ಶ್ಯಾಡೋ ಮೊದಲೇ ಸ್ವಲ್ಪ ತೆರೆದಿಟ್ಕೋಬೇಕು. ಫೋಟೋಶಾಪಿನ ರೆಡಿಮೇಡ್ ಪಿಎಸ್‌ಡಿ ಟೆಂಪ್ಲೇಟಿನ ಹೂವು, ಗುಲಾಬಿ ಹೊಗೆ, ಇಂಗ್ಲಿಷ್ ಪ್ರೇಮದ ಸಾಲು ಎಲ್ಲಾ ಇವತ್ತೇ ಬಿಡಿ.

ಎಲ್ಲಕ್ಕಿಂತ ಮುಖ್ಯ ಕನ್ನಡ ಅಕ್ಷರ. ಫೋಟೋಗ್ರಾಫರ್‌ಗಳು ಇದನ್ನ ಕೊನೇಗೆ ಖಾಲಿ ಉಳಿದ ಕಡೆ ತುರುಕೋ ವಸ್ತು ಅಂದ್ಕೊಂಡಿರ್ತಾರೆ, ನನಗೆ ತುಂಬಾ ಬೇಜಾರಾಗೋದು ಇಲ್ಲೇ. ನಮ್ಮ ಅಕ್ಷರಕ್ಕೆ ಒತ್ತು ಇದೆ, ರಾಷ್ಟ್ರ, ಸ್ತ್ರೀ ಅಂತ ಬರೆದ್ರೆ ಕೆಳಗೆ ಇಳಿಯುತ್ತೆ, ಇಂಗ್ಲಿಷಿಗೆ ಕೊಡೋ ಸಾಲಿನ ಅಂತರಾನೇ ಇಲ್ಲೂ ಕೊಟ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ಗುದ್ದುತ್ತೆ. ಅಂತರ ಧಾರಾಳವಾಗಿ ಕೊಡಿ. ಪುಟ ಕಟ್ಟೋ ಸಾಫ್ಟ್‌ವೇರ್ ಇನ್‌ಡಿಸೈನಲ್ಲಿ ಯೂನಿಕೋಡ್ ಕನ್ನಡ ಹಾಕಿದಾಗ ವರ್ಲ್ಡ್ ರೆಡಿ ಕಂಪೋಸರ್ ಅನ್ನೋ ಸೆಟ್ಟಿಂಗ್ ಆನ್ ಮಾಡ್ಕೊಳ್ಳಿ, ಇಲ್ಲಾಂದ್ರೆ ಒತ್ತೆಲ್ಲ ಬಿಡಿಬಿಡಿಯಾಗಿ ನಿಲ್ತಾವೆ. ಹಳೇ ನುಡಿ ತಂತ್ರಾಂಶದ ಫೈಲಲ್ಲಿ ಲೇಖನ ಬಂದ್ರೆ ಯೂನಿಕೋಡಿಗೆ ಕನ್ವರ್ಟ್ ಮಾಡಿ ಒಂದೊಂದು ಸಾಲೂ ಓದಿ, ಬೇರೆಯವರು ಓದ್ತಾರೆ ಅಂತ ಬಿಡಬೇಡಿ.

ಈಗ ಮಾಡೋ ಕೆಲಸ. ನಮ್ಮೂರಲ್ಲೇ ಮಂಡಕ್ಕಿ ಭಟ್ಟಿಗಳಿವೆ, ಮೆಣಸಿನಕಾಯಿ ಜೊತೆ ಮಂಡಕ್ಕಿ ತಿಂದು ಬೆಳೆದೋರು ನಾವು, ಆದ್ರೆ ಎಷ್ಟು ಜನ ಒಳಗೆ ಹೋಗಿದೀವಿ? ಮಾಲೀಕರನ್ನ, ಕೆಲಸದೋರನ್ನ ಕೇಳ್ಕೊಂಡು ಹೋಗಿ. ಹೊಗೆ ಹಿಡಿದ ಕರೀ ಗೋಡೆ, ಅದರ ಮುಂದೆ ಬೆಳ್ಳಗೆ ರಾಶಿ, ಕಾದ ಮರಳಿಗೆ ಅಕ್ಕಿ ಬಿದ್ದ ತಕ್ಷಣ ಅರಳೋದು, ಜರಡಿ ಆಡಿಸೋ ಕೈ, ಕಣ್ಣಿಗೆ ಹೊಗೆ ತಾಗದಂಗೆ ಮುಖಕ್ಕೆ ಸುತ್ತಿದ ಟವೆಲ್. ಬೇಕಾದಷ್ಟು ತೆಗೀರಿ. ಆಮೇಲೆ ಎಂಟೇ ಪುಟದ ಡಮ್ಮಿ, ಅಂದ್ರೆ ಮಾದರಿ ಸಂಚಿಕೆ ಮಾಡಿ. ಫೋಟೋಗಳನ್ನ ಸಣ್ಣದು ದೊಡ್ಡದು ಮಾಡಿ ಮಾಮೂಲಿ ಜೆರಾಕ್ಸ್ ತೆಗೆಸಿ ಸ್ಟುಡಿಯೋ ನೆಲದ ಮೇಲೆ ಹರಡಿ, ಬ್ರೊಡೊವಿಚ್ ಇಡೀ ಸಂಚಿಕೆ ಪುಟಗಳನ್ನ ಹಿಂಗೇ ನೆಲದ ಮೇಲೆ ಹರಡಿ ಜಾಗ ಬದಲಿಸ್ತಿದ್ರು. ದೊಡ್ಡದರ ಪಕ್ಕ ಸಣ್ಣದು, ತುಂಬಿದ ಪುಟ ಆದ್ಮೇಲೆ ಖಾಲಿ ಜಾಗ ಇರೋ ಪುಟ. ಒಂಬತ್ತಕ್ಕಿಂತ ಜಾಸ್ತಿ ಫೋಟೋ ಬಳಸಬೇಡಿ. ಯಾವ ಫೋಟೋ ಬಿಡೋಕೆ ಜೀವ ಒಪ್ತಿಲ್ವೋ ಅದನ್ನ ಒಂದು ವಾರ ಪಕ್ಕಕ್ಕಿಟ್ಟು ನೋಡಿ, ಅದಿಲ್ಲದೆ ಕಥೆ ನಡೆಯುತ್ತೆ ಅಂದ್ರೆ ಅದು ಬೇಡ. ಹಿಂಗೆ ಮೂರು ಡಮ್ಮಿ ಮಾಡಿ, ಒಂದು ಭಟ್ಟಿ, ಒಂದು ದುಗ್ಗಮ್ಮನ ಜಾತ್ರೆನೋ ನಾಯಕನಹಟ್ಟಿ ತೇರೋ, ಇನ್ನೊಂದು ನಿಮ್ಮಪ್ಪನ ಸ್ಟುಡಿಯೋದ ಹಳೇ ನೆಗೆಟಿವ್‌ಗಳಿಂದ. ಮೂರನೇದನ್ನ ಅಪ್ಪನ ಜೊತೆಗೇ ಕೂತು ಮಾಡಿ, ಅವರಿಗೆ ಗೊತ್ತಿರೋದು ನಿಮಗೂ ನನಗೂ ಗೊತ್ತಿಲ್ಲ.

ದಾರಿಗಳು ನನಗೆ ಕಾಣೋದು ಹಿಂಗಿವೆ. ಬೆಂಗಳೂರಿಗೆ ಹೋಗಿ ಪತ್ರಿಕೆ ಅಥವಾ ಡಿಸೈನ್ ಏಜೆನ್ಸಿ ಸೇರೋದು ಕಲಿಕೆಗೆ ಒಳ್ಳೇದು, ಮೇಲೆ ಒಬ್ಬ ಸೀನಿಯರ್ ಇರ್ತಾರೆ. ಆದ್ರೆ ಶುರುವಿನ ಸಂಬಳ ಬಾಡಿಗೆಗೇ ಹೋಗುತ್ತೆ, ಮೊದಲೆರಡು ವರ್ಷ ಕ್ಯಾಮೆರಾ ಮುಟ್ಟೋಕೂ ಬಿಡದೇ ಇರಬಹುದು, ಮನೇಲಿ ಸ್ಟುಡಿಯೋ ಮುಚ್ಚಿದ್ರೆ ವಾಪಸ್ ಬರೋ ದಾರೀನೂ ಮುಚ್ಚುತ್ತೆ. ಊರಲ್ಲೇ ದಿನಪತ್ರಿಕೆ ಪುಟ ಕಟ್ಟೋ ಕೆಲಸಕ್ಕೆ ಸಂಜೆ ಹೊತ್ತು ಸೇರೋದು ಎರಡನೇದು. ದುಡ್ಡು ಕಮ್ಮಿ, ರಾತ್ರಿ ಕೆಲಸ, ಆದ್ರೆ ದಿನಾ ಪುಟ ಮುಗಿಸಲೇಬೇಕಾದ ಒತ್ತಡ ಇನ್ನೆಲ್ಲೂ ಸಿಗಲ್ಲ, ಆರು ತಿಂಗಳಲ್ಲಿ ಕೈ ಬದಲಾಗುತ್ತೆ. ಮೂರನೇದು ಸ್ಟುಡಿಯೋ ಇಟ್ಕೊಂಡು ಸ್ಮರಣ ಸಂಚಿಕೆ, ಕಾಫಿ ಟೇಬಲ್ ಪುಸ್ತಕದ ಕೆಲಸ ಹಿಡಿಯೋದು. ಇಲ್ಲಿ ಅಪಾಯ ಸಮಿತಿ. ಹತ್ತು ಜನ ಹತ್ತು ಮಾತು, ಗಣ್ಯರ ಫೋಟೋ ದೊಡ್ಡದು ಮಾಡಿ ಅನ್ನೋದು, ಬಿಡುಗಡೆ ಸಮಾರಂಭ ಮುಗಿದ್ಮೇಲೆ ದುಡ್ಡಿಗೆ ಅಲೆಸೋದು. ಅರ್ಧ ಅಡ್ವಾನ್ಸ್ ಇಲ್ಲದೆ ಶುರು ಮಾಡಬೇಡಿ, ಪುಟ ಒಪ್ಪಿಗೆ ಕೊಡೋಕೆ ಒಬ್ಬರೇ ಇರಲಿ ಅಂತ ಮೊದಲೇ ಹೇಳಿ.

ನನ್ನ ಕೇಳಿದ್ರೆ, ಒಂದು ವರ್ಷ ಎರಡನೇದು ಮೂರನೇದು ಜೊತೆಗೇ ಮಾಡಿ, ಸ್ಟುಡಿಯೋ ಮುಚ್ಚಬೇಡಿ, ಬೆಂಗಳೂರು ಆಮೇಲೆ ನೋಡೋಣ. ಅಪ್ಪನ ಭಯ ಹಳೇ ಕಾಲದ್ದು ಅಂತ ತಳ್ಳಿಹಾಕಬೇಡಿ. ಬ್ರೊಡೊವಿಚ್ ಅಂಥೋರು 1950-51ರಲ್ಲಿ ಮನಸ್ಸಿಟ್ಟು ಶುರು ಮಾಡಿದ ಪೋರ್ಟ್‌ಫೋಲಿಯೋ ಅನ್ನೋ ಪತ್ರಿಕೆ ಮೂರೇ ಸಂಚಿಕೆಗೆ ನಿಂತುಹೋಯ್ತು, ಮನೆಗೆ ಬೆಂಕಿ ಬಿದ್ದು ಬ್ಯಾಲೆ ನೆಗೆಟಿವ್‌ಗಳು ಸುಟ್ಟುಹೋದ್ವು, ಕುಡಿತ ಆರೋಗ್ಯ ತಿಂತು, 1971ರಲ್ಲಿ ಫ್ರಾನ್ಸಿನ ಒಂದು ಸಣ್ಣ ಊರಲ್ಲಿ ತೀರಿಕೊಂಡಾಗ ಕೈಯಲ್ಲಿ ಏನೂ ಇರಲಿಲ್ಲ ಅನ್ನೋ ಹಂಗೇ ಇದ್ರು. ಅಷ್ಟು ದೊಡ್ಡ ಮನುಷ್ಯನ ಕೆಲಸ ಉಳಿದಿದ್ದು ಆ 500 ಪ್ರತಿ ಅಚ್ಚಾಗಿದ್ದಕ್ಕೆ. ನಿಮ್ಮ ಫೈಲ್‌ಗಳನ್ನೂ ಎರಡು ಹಾರ್ಡ್ ಡಿಸ್ಕಲ್ಲಿ, ಎರಡು ಬೇರೆ ಬೇರೆ ಮನೇಲಿ ಇಡಿ.

ಎಐ ಬಗ್ಗೆ ನೀವು ಕೇಳಿಲ್ಲ, ಆದ್ರೂ ಎಲ್ಲರೂ ಕೇಳ್ತಾರೆ. ಟೆಂಪ್ಲೇಟ್ ಕೆಲಸ ಹೋಗುತ್ತೆ, ಖಂಡಿತ. ಭಟ್ಟಿ ಒಳಗೆ ಹೋಗಿ ಅಲ್ಲಿ ಕೆಲಸ ಮಾಡೋ ಹೆಣ್ಣುಮಗಳ ಹತ್ರ ಅಕ್ಕಾ ಒಂದು ಫೋಟೋ ತೆಗೀಲಾ ಅಂತ ಕೇಳೋ ಕೆಲಸ ಹೋಗಲ್ಲ.

ಕೊನೇದಾಗಿ ಕಾನೂನು, ನಮ್ಮ ಸ್ಟುಡಿಯೋದೋರಿಗೆ ಬಹಳ ಜನಕ್ಕೆ ಇದು ಗೊತ್ತಿಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರು ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ರೆ, ತೆಗೆಸಿದೋರದ್ದೇ, ತೆಗೆದೋರದ್ದಲ್ಲ. ಅಂದ್ರೆ ಮದುವೆ ಫೋಟೋನ ನಿಮ್ಮ ಡಮ್ಮೀಲೋ ಇನ್‌ಸ್ಟಾದಲ್ಲೋ ಹಾಕೋಕೆ ಅವರ ಒಪ್ಪಿಗೆ ಬೇಕು, ಅಪ್ಪನ ಹಳೇ ನೆಗೆಟಿವ್ ಬಳಸೋವಾಗ್ಲೂ ಇದು ನೆನಪಿರಲಿ. ಪತ್ರಿಕೇಲಿ ನೌಕರಿ ಮಾಡ್ತಾ ತೆಗೆದ ಫೋಟೋಗೆ, ಪತ್ರಿಕೆಗಳಲ್ಲಿ ಪ್ರಕಟಿಸೋ ಮಟ್ಟಿಗೆ ಹಕ್ಕು ಮಾಲೀಕರದ್ದು, ಉಳಿದದ್ದು ನಿಮ್ಮದು. ಹಕ್ಕು ಬರೆದುಕೊಡೋ ಪತ್ರದಲ್ಲಿ ಎಷ್ಟು ವರ್ಷ ಅಂತ ಹಾಕದಿದ್ರೆ ಕಾಯ್ದೆ ಅದನ್ನ ಐದು ವರ್ಷ ಅಂತ ತಗೊಳ್ಳುತ್ತೆ. ಹಂಗಾಗಿ ಸ್ಮರಣ ಸಂಚಿಕೆ ಕೆಲಸ ಒಪ್ಪೋವಾಗ ಒಂದು ಪುಟದ ಪತ್ರ ಮಾಡ್ಕೊಳ್ಳಿ, ದರ, ಅಡ್ವಾನ್ಸ್, ಫೋಟೋ ಹಕ್ಕು ನಿಮ್ಮ ಹತ್ರ ಉಳಿಯುತ್ತೆ ಅನ್ನೋ ಸಾಲು, ಜೊತೆಗೆ ಒಳಪುಟದಲ್ಲಿ ಛಾಯಾಚಿತ್ರ ಮತ್ತು ವಿನ್ಯಾಸ ಅಂತ ನಿಮ್ಮ ಹೆಸರು ಹಾಕಬೇಕು ಅನ್ನೋದನ್ನೂ ಅದರಲ್ಲೇ ಬರೆಸಿ ಇಬ್ಬರೂ ಸಹಿ ಮಾಡಿ.